ಪೂಜೆಗೆ ಕೂತ ಪಾನಾ

ಅಡುಗೆಮನೆಯಲ್ಲಿ ಕಾರ್ಬುರೇಟರ್ ತೊಳೆಯುವ ಗಂಡನ ಜೊತೆ ಸಂಸಾರ ಮಾಡುವುದೆಂದರೆ ಏನೆಂದು ಡೊಂಬಿವಲಿಯ ಸ್ವರ್ಣಲತಾಳನ್ನೇ ಕೇಳಬೇಕು. 2009ರ ಆ ಮಳೆಗಾಲ ಪೂರ್ತಿ ಅವಳ ಮನೆ ಗ್ಯಾರೇಜಾಗಿತ್ತು. ಮಾಜಿವಾಡಾದ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ತಾರಾನಾಥ, ರಜೆ ಸಿಕ್ಕಿದಾಗಲೆಲ್ಲ ತನ್ನ ಹಳೇ ಯೆಜ್ಡಿ ಬೈಕಿನ ಒಂದೊಂದು ಅಂಗ ಬಿಚ್ಚಿ ಎರಡನೇ ಮಾಳಿಗೆಗೆ ಹೊತ್ತು ತರುತ್ತಿದ್ದ. ಮೆಕ್ಯಾನಿಕ್ಕಿಗೆ ಕೊಡುವಷ್ಟು ದುಡ್ಡು ಎಲ್ಲಿಂದ ಬರಬೇಕು? ಕಲ್ಯಾಣದ ಗುಜರಿ ಅಂಗಡಿಗಳಲ್ಲಿ ಅಲೆದು ಹೆಡ್‌ಲೈಟು, ಮಡ್‌ಗಾರ್ಡು ತಂದ. ಟ್ಯಾಂಕಿನೊಳಗಿನ ತುಕ್ಕಿಗೆ ಸಾರಿಗೆಂದು ಇಟ್ಟಿದ್ದ ಹುಣಸೆಹುಳಿಯನ್ನೆಲ್ಲ ಕಿವುಚಿ ಸುರಿದ. ಸೀಟಿನ ರೆಕ್ಸಿನ್ ಮಾತ್ರ ಸ್ವರ್ಣಲತಾ ಹೊಲಿದದ್ದು. ಒಂದೊಂದು ಹೊಲಿಗೆಗೂ ಒಂದೊಂದು ಬೈಗುಳ ಬಿದ್ದಿತ್ತು. ಈ ಶನಿ ತೊಲಗಿದರೆ ಸಾಕಪ್ಪಾ ಎಂದು ಅವಳು ದೇವರಿಗೆ ಕೈಮುಗಿದದ್ದೂ ಉಂಟು.

ಆದರೆ ತಾರಾನಾಥನಿಗೆ ಅದು ಬರೀ ಗಾಡಿಯಲ್ಲ. ಉಡುಪಿ ಕಡೆಯಿಂದ ಬಂದು, ಟೇಬಲ್ ಒರೆಸಿ, ತಟ್ಟೆ ಎತ್ತಿ, ಈ ಊರಿನಲ್ಲಿ ಮೊದಲು ತನ್ನ ಹೆಸರಿಗೆ ಮಾಡಿಸಿಕೊಂಡದ್ದು ಮನೆಯಲ್ಲ, ಆ ಯೆಜ್ಡಿ. ಅದು ಕೆಟ್ಟು ಮೆಟ್ಟಿಲ ಕೆಳಗೆ ಸೇರಿ ವರ್ಷಗಳೇ ಕಳೆದಿದ್ದವು. ಅವರ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಭುಜಂಗರಾವ್ ಸಾಳವಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಮೇ ತಿಂಗಳ ಮೀಟಿಂಗಿನಲ್ಲಿ ಆತ, ಮೆಟ್ಟಿಲ ಕೆಳಗಿನ ಗುಜರಿ ತೆಗೆಯಿರಿ ಎಂದು ಎಲ್ಲರ ಮುಂದೆ ಗುಡುಗಿದಾಗ ತಾರಾನಾಥನಿಗೆ ರೋಷ ಉಕ್ಕಿತು. ಮಹಾನವಮಿಯ ಸಂಜೆಯೊಳಗೆ ತನ್ನ ಗಾಡಿ ತಾನಾಗಿ ಓಡುತ್ತ ಗೇಟು ದಾಟುತ್ತದೆ, ದಾಟದಿದ್ದರೆ ತಾನೇ ಅದನ್ನು ಗುಜರಿ ಕೊಳ್ಳುವ ಭಂಗಾರದವನ ಕೈಗಾಡಿಗೆ ಹತ್ತಿಸುತ್ತೇನೆ ಎಂದು ಎದ್ದು ನಿಂತು ಹೇಳಿಯೇಬಿಟ್ಟ.

ನವಮಿಯ ಹಿಂದಿನ ದಿನ ಕೊನೆಯ ಬೋಲ್ಟು ಬಿಗಿದಾಯಿತು. ಆಗಲೇ ಒಂದು ಸಲ ಸ್ಟಾರ್ಟ್ ಮಾಡಿ ನೋಡಬಾರದಿತ್ತೇ? ಇಲ್ಲ, ಮೊದಲ ಕಿಕ್ಕು ಆಯುಧ ಪೂಜೆ ಮುಗಿದ ಮೇಲೆಯೇ ಎಂದು ಹಟ ಹಿಡಿದ ಪುಣ್ಯಾತ್ಮ. ಮಂಚದ ಕೆಳಗೆ, ಕಿಟಕಿಯ ಸಂದಿಯಲ್ಲಿ ಬಿದ್ದಿದ್ದ ನಟ್ಟು ಬಿಚ್ಚುವ ಪಾನಾ, ಪಕ್ಕಡ್, ಸ್ಕ್ರೂ ಡ್ರೈವರ್ ಎಲ್ಲವನ್ನೂ ಸ್ವರ್ಣಲತಾ ಒಂದೂ ಬಿಡದೆ ಹೆಕ್ಕಿ, ತೊಳೆದು, ಮಣೆಯ ಮೇಲೆ ಕೆಂಪು ವಸ್ತ್ರ ಹಾಸಿ ದೇವರ ಮುಂದೆ ಜೋಡಿಸಿದಳು. ಬೆಳಿಗ್ಗೆ ಅವಕ್ಕೆ ಅರಿಶಿನ ಕುಂಕುಮ ಬಿತ್ತು. ಕೆಳಗೆ ಬೈಕಿಗೂ ಚೆಂಡುಹೂವಿನ ಮಾಲೆ ಬಿತ್ತು. ಪೂಜೆಯಾದ ಗಾಡಿ ಓಡಬೇಕು. ಮಣೆಯ ಮೇಲಿನ ಆಯುಧ ಮಾತ್ರ ಮರುದಿನ ಬೆಳಗಿನ ಮಂಗಳಾರತಿಯ ತನಕ ಕದಲುವಂತಿಲ್ಲ.

ತಾರಾನಾಥ ಕಿಕ್ ಹೊಡೆದ. ಮತ್ತೆ ಹೊಡೆದ. ಶರ್ಟು ಒದ್ದೆಯಾಗುವವರೆಗೂ ಹೊಡೆದ. ಬೈಕು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಪ್ಲಗ್ ಪೆಟ್ರೋಲಿನಲ್ಲಿ ತೊಯ್ದಿತ್ತು. ಬಿಚ್ಚಿ ಒರೆಸಿದರೆ ಐದೇ ನಿಮಿಷದ ಕೆಲಸ. ಬಿಚ್ಚುವ ಪಾನಾ ದೇವರ ಮುಂದೆ ಕುಂಕುಮ ಹಚ್ಚಿಕೊಂಡು ಕೂತಿತ್ತು. ಭಾನುವಾರ ಬೇರೆ, ಬೀದಿಯ ಗ್ಯಾರೇಜುಗಳೆಲ್ಲ ಬಾಗಿಲು ಹಾಕಿದ್ದವು.

ಅವನು ಮೇಲೆ ಬಂದು ಮಣೆಯ ಮುಂದೆ ನಿಂತ. ಕೈ ಮುಂದೆ ಹೋಯಿತು, ಹಿಂದೆ ಬಂತು. ಆಯುಧ ಪೂಜೆಯ ದಿನ ಹೋಟೆಲಿನ ಗ್ರೈಂಡರಿಗೂ ರಜೆ ಕೊಟ್ಟು, ಹಿಂದಿನ ದಿನವೇ ಹಿಟ್ಟು ರುಬ್ಬಿಸಿಡುವ ಮನುಷ್ಯ ಅವನು.

ಪರವಾಗಿಲ್ಲ, ದೇವರಲ್ಲಿ ತಪ್ಪುಕಾಣಿಕೆ ಇಟ್ಟು ತೆಗೆಯಿರಿ ಎಂದಳು ಸ್ವರ್ಣಲತಾ. ಹೇಳಿದವಳು ತಾನೇ ಗಲ್ಲ ಬಡಿದುಕೊಂಡಳು.

"ಬೇಡ ಮಾರಾಯ್ತಿ. ಕೂರಿಸಿದ್ದನ್ನು ಎಬ್ಬಿಸುದು ಬೇಡ. ಹೋದ್ರೆ ಹೋಗ್ಲಿ," ಎಂದು ಅವನು ಮೆಟ್ಟಿಲ ಮೇಲೆ ಹೋಗಿ ಕೂತ.

ಕೆಳಗೆ ಆಗಲೇ ಭಂಗಾರದವನ ಕೈಗಾಡಿ ಬಂದು ನಿಂತಿತ್ತು. ಸ್ವರ್ಣಲತಾ ಕಿಟಕಿಯಿಂದ ಅದನ್ನು ನೋಡಿದಳು. ತೊಲಗಲಿ ಎಂದು ಅವಳು ಕೇಳಿಕೊಂಡದ್ದು ನಿಜ. ಆದರೆ ಮೂರು ಹೊತ್ತೂ ಬಾಯಿ ಮಾಡುವ ಗಂಡ ಹೀಗೆ ಸೊಲ್ಲಿಲ್ಲದೆ ಕೂತದ್ದು ಅವಳಿಂದ ನೋಡಲಾಗಲಿಲ್ಲ. ಆಗ ತಟ್ಟನೆ ಹೊಳೆಯಿತು: ಮರಾಠಿಗರಾದ ಸಾಳವಿಯವರ ಮನೆಯಲ್ಲಿ ಆಯುಧಗಳಿಗೆ ಪೂಜೆ ನವಮಿಗಲ್ಲ, ದಶಮಿಗೆ, ಅಂದರೆ ನಾಳೆ. ಇವತ್ತು ಅವರ ಸಾಮಾನೆಲ್ಲ ಸುಮ್ಮನೆ ಬಿದ್ದಿರುತ್ತದೆ. ಅವರ ಸ್ಕೂಟರಿಗೂ ಪ್ಲಗ್ ಪಾನಾ ಇದ್ದೇ ಇದೆ.

ಕೇಳಬೇಕಾದದ್ದು ಮಾತ್ರ ಕೈಗಾಡಿ ಕರೆಸಿದವನನ್ನೇ. ಅವಳು ಸೆರಗು ಸಿಕ್ಕಿಸಿ ದಡದಡ ಇಳಿದು ಸಾಳವಿಯ ಬಾಗಿಲು ಬಡಿದಳು. ಅಣ್ಣನನ್ನು ಕರೆಯುವ ಹಾಗೆ ಭಾವೂ ಎಂದು ಕರೆದು, ತನಗೆ ಬಂದಷ್ಟು ಮರಾಠಿಯಲ್ಲಿ ಎಲ್ಲ ಹೇಳಿದಳು.

"ಇವತ್ತು ನಮ್ಮ ಪಾನಾ ದೇವರ ಹತ್ತಿರ ಇದೆ, ಭಾವೂ. ನಿಮ್ಮದು ಕೊಡಿ. ನಾಳೆ ನಿಮ್ಮದು ದೇವರ ಹತ್ತಿರ ಹೋದಾಗ ನಮ್ಮದು ತಗೊಳ್ಳಿ."

ಭುಜಂಗರಾವ್ ಅವಳ ಮುಖ ನೋಡಿದ. ಇಲ್ಲ ಎಂದಿದ್ದರೆ ಮೇ ತಿಂಗಳಿಂದ ಕಾದ ಗೆಲುವು ಅವನದೇ ಆಗುತ್ತಿತ್ತು. ಆದರೆ ಅವನು ಚಪ್ಪಲಿ ಮೆಟ್ಟಿ ಹೊರಬಂದು, ಸ್ಕೂಟರಿನ ಡಿಕ್ಕಿಯಿಂದ ಪಾನಾ ತೆಗೆದು, ತಾನೇ ಯೆಜ್ಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಪ್ಲಗ್ ಬಿಚ್ಚಿದ. ತನ್ನ ಕರ್ಚೀಫಿನಲ್ಲೇ ಒರೆಸಿದ. ಮೆಟ್ಟಿಲ ಮೇಲಿಂದ ಎದ್ದು ಬಂದ ತಾರಾನಾಥ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ವಹಿನಿ ಕೇಳಿದರಲ್ಲ, ಅದಕ್ಕೆ," ಎಂದ ಭುಜಂಗರಾವ್ ಸ್ವರ್ಣಲತಾಳತ್ತ ಗೋಣು ಹಾಕಿ, ಪ್ಲಗ್ ತಿರುಗಿಸಿ ಕೂರಿಸುತ್ತ. "ನಿನಗಾಗಿ ಅಲ್ಲ."

ಎರಡನೇ ಕಿಕ್ಕಿಗೆ ಯೆಜ್ಡಿ ಗುಡುಗಿತು. ಪಾರ್ಕಿಂಗ್ ತುಂಬ ನೀಲಿ ಹೊಗೆ ಎದ್ದಿತು. ಸೆಕ್ರೆಟರಿ ಸಾಹೇಬರು ಕೆಮ್ಮುತ್ತಲೇ ಕೈಗಾಡಿಯವನಿಗೆ ಹೋಗು ಹೋಗು ಎಂದು ಸನ್ನೆ ಮಾಡಿದರು. ತಾರಾನಾಥ ಗಾಡಿ ಹತ್ತಿದವನು ಮುಂದಕ್ಕೆ ಬಿಡಲೇ ಇಲ್ಲ. ತಿರುಗಿ ಹೆಂಡತಿಯನ್ನು ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. ಹೊಗೆ ತಾಗಿರಬೇಕು ಎಂದು ಅವಳು ಸುಳ್ಳು ಸುಳ್ಳೇ ಅಂದುಕೊಂಡಳು.

"ಕೂತ್ಕೊ," ಎಂದ. "ನೀನಿಲ್ಲದೆ ಇದು ಗೇಟು ದಾಟುದಿಲ್ಲ."

ಮನೆಯಲ್ಲಿ ಉಡುವ ಹಳೇ ಸೀರೆ, ಕೆದರಿದ ತಲೆ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಇಡೀ ಸೊಸೈಟಿ ಬಾಲ್ಕನಿಗೆ ಬಂದು ನೋಡುತ್ತಿತ್ತು. ನೋಡಲಿ ಎಂದುಕೊಂಡು ಸ್ವರ್ಣಲತಾ ಹತ್ತಿ ಕೂತಳು, ಎರಡೂ ಕೈಯಿಂದ ಅವನ ಸೊಂಟ ಬಳಸಿ ಹಿಡಿದಳು.