ಮೊದಲ ಏಟು ತನ್ನ ಕಾಲಿಗೆ

ಹೊಸಕೆರೆಹಳ್ಳಿಯ ಬೋರಣ್ಣ ಚಾಟಿ ಹೆಣೆದರೆ ಮೊದಲ ಏಟು ತನ್ನ ಮೀನಖಂಡಕ್ಕೇ. ಅವನ ಅಪ್ಪ ಹಾಕಿಕೊಟ್ಟ ಕಟ್ಟಲೆ ಅದು. ಏಟು ಚುರುಕ್ಕೆನ್ನಬೇಕು, ರಕ್ತ ಬರಬಾರದು. ಉರಿ ಹೆಚ್ಚಾದರೆ ತುದಿ ಬಿಚ್ಚಿ, ತೊಗಲಿನ ಎಳೆಗಳ ಅಂಚು ಹೆರೆದು, ಹರಳೆಣ್ಣೆ ಸವರಿ ಮತ್ತೆ ಹೆಣೆಯುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಚಾಟಿಯಿಂದ ಒಂದು ದನದ ಮೈಯೂ ಹರಿದಿರಲಿಲ್ಲ.

ಅದು ಜಯನಗರಕ್ಕೆ ಹೊಸ ರಸ್ತೆಗಳನ್ನು ಹಾಕುತ್ತಿದ್ದ ಕಾಲ. ಒಂದು ಬೆಳಗ್ಗೆ ಜಟಕಾ ಓಡಿಸುವ ಬೈರಣ್ಣ ಗಾಡಿ ಬಿಟ್ಟು, ಬರೀ ಕುದುರೆಯನ್ನು ನಡೆಸಿಕೊಂಡು ಬಂದ.

"ನೋಡು, ನಿನ್ನ ಕೈಕೆಲಸ!"

ಕುದುರೆಯ ಪಕ್ಕೆಯಲ್ಲಿ ಮೂರು ಗೀರು. ಗೀರಿನುದ್ದಕ್ಕೂ ನೊಣ.

"ಹೊಡೆದೋನು ನೀನು. ನನ್ನ ಯಾಕೆ ಕೇಳ್ತೀಯ?"

"ಹತ್ತು ವರ್ಷದಿಂದ ಇದೇ ಕೈಯಲ್ಲಿ ಹೊಡೀತಿದೀನಿ. ಯಾವತ್ತಾದ್ರೂ ಹಿಂಗಾಗಿತ್ತಾ? ಕುಡಿದು ಹೆಣೆದ್ಯೋ ಏನೋ!"

"ನಾಲಿಗೆ ಬಿಗಿ ಹಿಡಿ ಬೈರಣ್ಣ. ಕಾಲಿಗೆ ಹೊಡ್ಕೊಂಡೇ ಕೊಟ್ಟಿದ್ದು."

"ಹಂಗಾದ್ರೆ ಈಗ ಹೊಡ್ಕೋ. ನಾನೂ ನೋಡ್ತೀನಿ."

ಬೋರಣ್ಣ ಅವನ ಕೈಯಿಂದ ಚಾಟಿ ಕಿತ್ತುಕೊಂಡು ರಪ್ಪೆಂದು ಬಾರಿಸಿಕೊಂಡ. ಏನೂ ಅನ್ನಿಸಲಿಲ್ಲ. "ನೋಡ್ದಾ?" ಎಂದು ಇನ್ನೊಂದು ಬಿಟ್ಟ. ಬೈರಣ್ಣನ ಮುಖ ಇಳಿದುಹೋಯಿತು.

"ಸಾಕು ಬೋರಣ್ಣ. ಕಾಲು ನೋಡ್ಕೋ."

ರಕ್ತ ಹಿಮ್ಮಡಿಯವರೆಗೆ ಇಳಿದಿತ್ತು.

ಬೋರಣ್ಣ ಚಾಟಿಯ ತುದಿಯನ್ನು ಬೆರಳಲ್ಲಿ ತಿರುಗಿಸಿದ. ಒಂದು ಎಳೆಯ ಅಂಚು ಹೆರೆದಿರಲಿಲ್ಲ. ಒಣಗಿ ಅಲಗಿನಂತಾಗಿತ್ತು. ಈ ಮಳೆಗಾಲದಿಂದೀಚೆಗೆ ಯಾವ ಚಾಟಿಯೂ ಉರಿಯುವುದಿಲ್ಲ, ಕೈ ಅಷ್ಟು ಪಳಗಿದೆ ಎಂದು ಅವನು ಒಳಗೊಳಗೇ ಬೀಗಿದ್ದ.

ಬೈರಣ್ಣ ಚಾಟಿಯನ್ನು ಅಲ್ಲೇ ಬಿಟ್ಟು ಹೋದ ಮೇಲೆ ದಬ್ಬಳ ತೆಗೆದುಕೊಂಡು ಪಾದದಿಂದ ಮೇಲಕ್ಕೆ ಚುಚ್ಚಿಕೊಳ್ಳುತ್ತ ಬಂದ. ಮೊಣಕಾಲು ದಾಟಿ ನಾಲ್ಕು ಬೆರಳು ಮೇಲೆ ಹೋದಾಗ "ಅಮ್ಮಾ" ಎಂದ. ಅಲ್ಲಿಗೆ ಇದ್ದಿಲಿನಿಂದ ಗೆರೆ ಎಳೆದ. ಗೆರೆಯ ಕೆಳಗಿನ ಕಾಲು ಸತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮುನಿವೆಂಕಟಮ್ಮ ಅಂಗೈ ಚಾಚಿದಳು. "ಇನ್ನು ಮೇಲೆ ನನ್ನ ಕೈಗೆ ಹೊಡೆದು ನೋಡು."

"ಥೂ, ತೆಗಿ ಕೈನ! ನಿನಗೆ ಹೊಡೆಯೋಕಾ ನಾನು ಈ ಕೆಲಸ ಕಲ್ತಿದ್ದು?"

ಅವಳು ಹಳೆ ಸೀರೆ ಹರಿದು ಗಾಯಕ್ಕೆ ಕಟ್ಟಿದಳು. ಅವಳು ಬಿಗಿದದ್ದೂ ಅವನಿಗೆ ತಿಳಿಯಲಿಲ್ಲ.

"ಎಷ್ಟು ಚಾಟಿ ಕೊಟ್ಟಿದೀಯ, ಈ ಮಳೆಗಾಲದಿಂದ?"

"ಒಂಬತ್ತು."

ಅವನು ತೊಗಲು ಕೊಯ್ಯುವ ರಂಪಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದ. ಗೊಟ್ಟಿಗೆರೆಗೆ ನಡೆದು ಸೇರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಅಲ್ಲಿಯ ತಿಮ್ಮರಾಯಪ್ಪ ಹೊಲದಿಂದ ಆಗತಾನೇ ಬಂದು ಎತ್ತು ಕಟ್ಟುತ್ತಿದ್ದ.

"ಬಾರೋ ಬೋರಣ್ಣ! ನಿನ್ನ ಹೊಸ ಚಾಟಿ ಬಂದ್ಮೇಲೆ ಎತ್ತುಗಳು ಹಾರ್ತವೆ ಕಣೋ. ಬೀಸೋದೇ ಬೇಡ, ಕೈ ಎತ್ತಿದ್ರೆ ಸಾಕು!"

ಬೋರಣ್ಣ ಎತ್ತಿನ ಬೆನ್ನ ಮೇಲೆ ಕೈ ಇಟ್ಟ. ಎತ್ತು ಬೆಚ್ಚಿ ಪಕ್ಕಕ್ಕೆ ಸರಿಯಿತು. ಸಮಾಧಾನ ಮಾಡಿ ಮತ್ತೆ ಸವರಿದ. ರೋಮದ ಅಡಿಯಲ್ಲಿ ಗಾಯದ ಒಣಗಿದ ಹಕ್ಕಳೆ ಅಂಗೈಗೆ ತಾಗಿತು, ಒಂದಾದ ಮೇಲೊಂದು. ಅವನ ಅಂಗೈಯಲ್ಲಿ ಇನ್ನೂ ಜೀವವಿತ್ತು.

"ಚಾಟಿ ಕೊಡಿ ಗೌಡ್ರೆ."

"ಯಾಕೋ?"

ಬೋರಣ್ಣ ಗೂಟದಲ್ಲಿದ್ದ ಚಾಟಿಯನ್ನು ಎಳೆದುಕೊಂಡ. ಅಲ್ಲೇ ಕುಕ್ಕರಗಾಲಲ್ಲಿ ಕೂತು, ತುದಿಯನ್ನು ರಂಪಿಗೆಯಿಂದ ಕೊಯ್ದು ಹಾಕಿದ. ಇನ್ನು ಏಳು ಮನೆ ಇತ್ತು.