ಮುಂದಿನ ಕಾಲದ ಭಾಗಾಕಾರ

"ಸರ್ವರಿಗೆ ಹೊಸ ಆವೃತ್ತಿ ಹಾಕೋಕಾಗಲ್ಲ ಮಗಳೇ. ಅದಕ್ಕೆ ದೆಹಲಿಯೋರು ಒಪ್ಪಬೇಕು," ಎಂದರು ಭಾಸುರನ್ ಸಾರ್.

"ಈಗಲೇ ಕೇಳಿದ್ರೆ?" ಎಂದಳು ಸೆಲಿನ್.

"ಹೋದ ವರ್ಷ ಕೇಳಿದ್ದಕ್ಕೇ ಇನ್ನೂ ಉತ್ತರ ಬಂದಿಲ್ಲ."

ತಿರುವನಂತಪುರದ ಆ ಸಮುದ್ರ ಮಾಹಿತಿ ಕಚೇರಿಯ ಸರ್ವರುಗಳನ್ನು ಅವರು ಇಪ್ಪತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದರು. ಅವುಗಳಲ್ಲಿದ್ದದ್ದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಎರಡನೆಯ ಆವೃತ್ತಿ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಸೆಲಿನ್ ಮೊರೈಸ್ ಕಲಿತದ್ದು ಮೂರನೆಯದು. ಕೆಟ್ಟು ನಿಂತ ದೋಣಿ ಎಲ್ಲಿಗೆ ತೇಲಿಹೋಗಿರಬಹುದೆಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಆ ಹೊಸ ಆವೃತ್ತಿಯಲ್ಲೇ ಬರೆದಿದ್ದಳು. ಆದರೆ ಗಾಳಿಯ, ನೀರಿನ ಹರಿವಿನ ಅಂಕಿಗಳೆಲ್ಲ ಸರ್ವರಿನೊಳಗಿದ್ದವು. ಅವನ್ನು ಹೊರಗೆ ತೆಗೆಯುವಂತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಹಳೆಯ ಮೀನುಗಾರ ಪತ್ರೋಸ್ ಕೂತಿದ್ದ. ಅವನ ಅಳಿಯ ಇಬ್ಬರು ಜೊತೆಗಾರರೊಂದಿಗೆ ಮೀನಿಗೆ ಹೋಗಿ, ಎಂಜಿನ್ ನಿಂತಿದೆ ಎಂದು ವೈರ್‌ಲೆಸ್ಸಿನಲ್ಲಿ ಹೇಳಿ ಮೂರು ದಿನವಾಗಿತ್ತು. ಆಮೇಲೆ ಸುದ್ದಿಯಿಲ್ಲ. ಹುಡುಕುವ ವಿಮಾನ ಹನ್ನೆರಡು ಗಂಟೆಗೆ ಹೊರಡುತ್ತಿತ್ತು. ಮೋಡ ಕಟ್ಟುತ್ತಿದ್ದುದರಿಂದ ಸಮುದ್ರದ ಒಂದು ತುಂಡನ್ನಷ್ಟೇ ಅದು ಜಾಲಾಡಬಹುದಿತ್ತು. ಆ ತುಂಡು ಯಾವುದೆಂದು ಈ ಕಚೇರಿ ಹೇಳಬೇಕು.

ಆಗ ಗಂಟೆ ಒಂಬತ್ತೂವರೆ. ಸೆಲಿನ್ ಕುರ್ಚಿ ಎಳೆದುಕೊಂಡು ಕೂತಳು. "ಹಾಗಾದ್ರೆ ಹಳೇದರಲ್ಲೇ ಬರೀತೀನಿ," ಎಂದಳು.

ಒಂದೂವರೆ ಗಂಟೆ ಅವಳು ತಲೆಯೆತ್ತಲಿಲ್ಲ. ಹೊಸ ಆವೃತ್ತಿಯಲ್ಲಿ ಒಂದೇ ಪದಕ್ಕೆ ಮುಗಿಯುತ್ತಿದ್ದುದನ್ನು ಇಲ್ಲಿ ಹತ್ತು ಸಾಲಿನಲ್ಲಿ ಬಿಡಿಸಿ ಬರೆಯಬೇಕಿತ್ತು. ಕೊನೆಗೆ ಪರದೆಯ ಮೇಲಿನ ನಕ್ಷೆಯಲ್ಲಿ ಕೆಂಪು ಚುಕ್ಕೆ ಮೂಡಿತು. ಭಾಸುರನ್ ಪತ್ರೋಸನನ್ನು ಒಳಗೆ ಕರೆದರು.

ಪತ್ರೋಸ್ ಬಗ್ಗಿ ನೋಡಿದ. "ದೋಣಿ ನಿಂತದ್ದು ಎಲ್ಲಿ?"

ಸೆಲಿನ್ ತೋರಿಸಿದಳು.

"ಮೂರು ದಿನಕ್ಕೆ ಇಷ್ಟೇನಾ ಹೋಗಿರೋದು?" ಅವನು ತಲೆಯಾಡಿಸಿದ. "ಇಲ್ಲ ಮಗಳೇ. ಈ ಮಳೇಲಿ ನೀರು ಇಷ್ಟು ಸೋಮಾರಿಯಾಗಿರಲ್ಲ."

ಸೆಲಿನ್ ಪ್ರೋಗ್ರಾಮಿಗೆ ಮರಳಿದಳು. ಸಾಲು ಸಾಲಾಗಿ ಮತ್ತೆ ನೋಡಿದಳು. ತಪ್ಪು ಕಾಣಲಿಲ್ಲ. ಭಾಸುರನ್ ಅವಳ ಹೆಗಲ ಮೇಲಿಂದ ಓದುತ್ತಾ ಒಂದು ಕಡೆ ಬೆರಳಿಟ್ಟರು.

"ಏಳನ್ನ ಎರಡರಿಂದ ಭಾಗಿಸಿದ್ರೆ ಎಷ್ಟು?"

"ಮೂರೂವರೆ."

"ನಿನ್ನ ಭಾಷೇಲಿ. ಇದರಲ್ಲಿ ಮೂರು. ಈ ಹಳೇದು ಅರ್ಧಾನ ನುಂಗಿಬಿಡುತ್ತೆ, ಸದ್ದಿಲ್ಲದೆ. ಗಂಟೆ ಗಂಟೆಯ ಲೆಕ್ಕದಲ್ಲೂ ನುಂಗಿದೆ."

ಅವಳು ಗಡಿಯಾರ ನೋಡಿದಳು. ಹನ್ನೊಂದೂಕಾಲು. ಭಾಗಾಕಾರ ಎಪ್ಪತ್ತು ಕಡೆಯಾದರೂ ಇತ್ತು. "ಎಲ್ಲಾ ಬದಲಾಯಿಸೋಕೆ ಹೊತ್ತಿಲ್ಲ ಸಾರ್."

"ಬೇಡ. ಎಲ್ಲಕ್ಕಿಂತ ಮೇಲೆ ಒಂದು ಸಾಲು ಬರಿ. ಮುಂದಿನ ಕಾಲದಿಂದ ಭಾಗಾಕಾರ ತರಿಸಿಕೋ ಅಂತ."

ಸೆಲಿನ್ ಅವರ ಮುಖ ನೋಡಿದಳು. ತಮಾಷೆಯೆಂದುಕೊಂಡಳು.

"ನಿಜವಾಗ್ಲೂ. ಈ ಭಾಷೆ ಮಾಡಿದೋರಿಗೆ ಇದು ತಪ್ಪು ಅಂತ ಗೊತ್ತಾಗಿತ್ತು. ತಿದ್ದಿದ್ರೆ ಅಷ್ಟರೊಳಗೆ ಬರೆದಿದ್ದೋರದೆಲ್ಲ ಕೆಡ್ತಿತ್ತು. ಅದಕ್ಕೆ, ಬೇಕಾದೋರು ಮುಂದೆ ಬರೋದನ್ನ ಈಗಲೇ ತರಿಸಿಕೊಳ್ಳಲಿ ಅಂತ ಒಂದು ಬಾಗಿಲು ಬಿಟ್ರು."

ಅವರು ಹೇಳಿದ ನಾಲ್ಕು ಪದಗಳನ್ನು ಅವಳು ಬರೆದಳು. ಅವುಗಳಲ್ಲೊಂದು ನಿಜವಾಗಿಯೂ ‘ಫ್ಯೂಚರ್’, ಮುಂದಿನ ಕಾಲ, ಎಂದೇ ಇತ್ತು. ಈ ಕೋಣೆಯನ್ನಾಗಲಿ ಈ ಕಡಲನ್ನಾಗಲಿ ಕಂಡಿರದ ಯಾರೋ, ಅವಳು ಅ ಆ ಬರೆಯುತ್ತಿದ್ದ ದಿನಗಳಲ್ಲಿ, ಇಂಥದೊಂದು ಬೆಳಿಗ್ಗೆಗೆಂದು ಇದನ್ನು ಇಟ್ಟುಹೋಗಿದ್ದರು.

ಪ್ರೋಗ್ರಾಮನ್ನು ಮತ್ತೆ ಓಡಿಸಿದಾಗ ಚುಕ್ಕೆ ದಕ್ಷಿಣಕ್ಕೆ ಸರಿದು, ಹನ್ನೊಂದು ಮೈಲಿ ಆಚೆ ನಿಂತಿತು.

ಪತ್ರೋಸ್ ಮತ್ತೆ ಬಗ್ಗಿ ನೋಡಿದ. "ಹ್ಞೂಂ. ಅಲ್ಲಿ ನೀರು ತಿರುಗುತ್ತೆ," ಎಂದ. ಭಾಸುರನ್ ಫೋನೆತ್ತಿದರು.

ಮೂರೂ ಜನ ಸಿಕ್ಕರು, ಚುಕ್ಕೆಯಿಂದ ಎರಡು ಮೈಲಿ ಈಚೆಗೆ, ಜೀವಂತ.

ಸಂಜೆ ಸೆಲಿನ್ ಬಂದರಿಗೆ ಹೋದಳು. ಅಲ್ಲಿ ಅವಳು ಯಾರೆಂದು ಪತ್ರೋಸನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವನ ಅಳಿಯ ಕಟ್ಟೆಯ ಮೇಲೆ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು ಗಂಜಿನೀರು ಕುಡಿಯುತ್ತಿದ್ದ. ಅವನ ಹೆಂಡತಿ ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಅವನ ಹುಬ್ಬಿಗೆ ಅಂಟಿದ್ದ ಉಪ್ಪನ್ನು ಒರೆಸುತ್ತಿದ್ದಳು.