ರಾಹುಕಾಲದಲ್ಲಿ ತೆರೆದ ಬೀಗ

ಹೊಸೂರಿನಲ್ಲಿ ಕಂಪ್ಯೂಟರ್ ಜಾತಕ ಅಂದರೆ ನಮ್ಮ ಮನೆ. ಮಾವ ಸುಬ್ಬರಾಮಯ್ಯ ಪಂಚಾಂಗ ನೋಡುವವರು. ಎಂಬತ್ತೇಳರಲ್ಲಿ ಮದರಾಸಿನ ಒಂದು ಕಂಪನಿಯಿಂದ ಕಂಪ್ಯೂಟರನ್ನೂ ಜಾತಕದ ಪ್ರೋಗ್ರಾಮನ್ನೂ ತರಿಸಿ, ಕುಂಕುಮ ಹಚ್ಚಿ, ಕೀ ಒತ್ತುವ ಕೆಲಸವನ್ನು ಸೊಸೆಯಾದ ನನಗೆ ವಹಿಸಿದ್ದರು. ಹೆಸರೆಲ್ಲ ಅವರಿಗೆ, ಬೆರಳು ನೋವು ನನಗೆ.

ಮರುವರ್ಷ ಒಂದು ಬುಧವಾರ ಅವಲಪಲ್ಲಿಯ ಹನುಮಕ್ಕ ಮಗಳು ಪಾರ್ವತಿಯನ್ನು ಕರೆದುಕೊಂಡು ಜಾತಕ ಕೂಡಿಸಲು ಬಂದಳು. ಹುಡುಗ ಮಂಡ್ಯದ ಕಡೆಯವನು, ಇಲ್ಲೇ ಫ್ಯಾಕ್ಟರಿಯಲ್ಲಿ ಕೆಲಸ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹುಡುಗನ ತಾಯಿ ಸಾಕಮ್ಮ ಮಾತ್ರ, ಕಂಪ್ಯೂಟರ್ ಹೊಂದುತ್ತೆ ಅಂದರೆ ಮದುವೆ, ಇಲ್ಲದಿದ್ದರೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಬೇರೆ ಹೆಣ್ಣು ನೋಡುತ್ತೇನೆ ಅಂತ ನಮ್ಮ ಜಗಲಿಯಲ್ಲೇ ಕೂತಿದ್ದರು.

ನಾನು ಪ್ರೋಗ್ರಾಂ ಹಾಕಿದೆ. ಅವಧಿ ಮುಗಿದಿದೆ, ಕಂಪನಿಯನ್ನು ಕೇಳಿ ಅಂತ ಇಂಗ್ಲಿಷಿನಲ್ಲಿ ಬಂತು. ಪಾರ್ವತಿಯ ಮುಖ ಬಾಡಿಹೋಯಿತು.

ಪಕ್ಕದ ಮನೆಯ ವಕೀಲ ದ್ವಾರಕಾನಾಥರು ಬಂದು ಕರಾರು ಪತ್ರ ಓದಿದರು. ವರ್ಷಕ್ಕೆ ನಿಂತುಹೋಗುತ್ತದೆ ಅನ್ನುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಮದರಾಸಿಗೆ ಟ್ರಂಕ್ ಕಾಲ್ ಹಾಕಿ ತಮಿಳಿನಲ್ಲಿ ದಬಾಯಿಸಿದರು. ನಕಲು ಮಾಡದಂತೆ ಕಾವಲು ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಮಾರುವಾಗ ಹೇಳದೆ ಒಳಗೊಂದು ಬೀಗ ಅಡಗಿಸಿಡುವ ಹಕ್ಕು ನಿಮಗೆಲ್ಲಿದೆ, ಕೋರ್ಟಿನಲ್ಲಿ ನೋಡೋಣವೇ ಅಂದರು. ಕಂಪನಿಯವರು ಮೆತ್ತಗಾಗಿ ಬೀಗ ತೆಗೆಯುವ ಗುಟ್ಟಿನ ಪದ ಹೇಳಿದರು. ಒಂದು ಗಂಟೆಯೊಳಗೆ ಒತ್ತಬೇಕು, ತಪ್ಪಿದರೆ ಹೊಸ ಪದ ನಾಳೆಯೇ ಅಂತಲೂ ಹೇಳಿದರು. ಈ ಗಡುವು ಹೇಳಿ ಹಾಕಿದ ಬೀಗ, ಅದಕ್ಕೆ ವಕೀಲರ ತಕರಾರಿರಲಿಲ್ಲ.

ನಾನು ಪದ ಟೈಪ್ ಮಾಡಿದೆ. ಕೊನೆಯ ಕೀ ಒತ್ತುವಷ್ಟರಲ್ಲಿ ಹನ್ನೆರಡಾಯಿತು, ಮಾವ ನನ್ನ ಕೈ ತಡೆದರು. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ವಕೀಲರು ವಾದಿಸಿದರು, ಹನುಮಕ್ಕ ಕೈ ಮುಗಿದಳು, ಮಾವ ಜಗ್ಗಲಿಲ್ಲ. ಕಂಪನಿಯ ಬೀಗ ಬಿಡಿಸಿಕೊಂಡು ಮಾವನ ಬೀಗಕ್ಕೆ ಸಿಕ್ಕಿಬಿದ್ದೆವಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ಯಾವ ಕೀ ಅಂತ ಪಾರ್ವತಿ ಮೆಲ್ಲಗೆ ಕೇಳಿದಳು. ನಾನು ಕಣ್ಣಲ್ಲೇ ತೋರಿಸಿದೆ. ಅವಳು ಕೈ ಚಾಚಿ ಒತ್ತಿಯೇಬಿಟ್ಟಳು.

ಶುರುವಾದದ್ದನ್ನು ನಡುವೆ ನಿಲ್ಲಿಸುವುದೂ ಅಶುಭ ಅಂತ ಮಾವ ಗೊಣಗಿದರು. ನಾನು ಜಾತಕಗಳ ವಿವರ ಹಾಕಿದೆ. ಪ್ರಿಂಟರ್ ಕಿರುಗುಟ್ಟಿತು. ಹತ್ತು ಕೂಟಗಳಲ್ಲಿ ಎಂಟು ಕೂಡಿಬಂದಿದ್ದವು. ಆದರೆ ಹಾಳೆಯ ಕೊನೆಯಲ್ಲಿ ಹನ್ನೆರಡು ದಾಟಿದ ವೇಳೆಯೂ ಅಚ್ಚಾಗಿತ್ತು. ಮಾವ ಆ ಸಾಲನ್ನು ತೆಗೆದುಹಾಕಲು ಕತ್ತರಿ ತಂದರು.

“ಬ್ಯಾಡಿ ಸಾಮಿ. ಹೇಳ್ದೆ ಮುಚ್ಚಿಟ್ಟಿದ್ಕೇ ತಾನೆ ಕಂಪ್ನಿಯೋರ್ನ ಬೈದಿದ್ದು?” ಅಂದಳು ಪಾರ್ವತಿ.

ಮಾವ ಕತ್ತರಿ ಕೆಳಗಿಟ್ಟರು. ಅವಳೇ ಹಾಳೆ ಹಿಡಿದು ಜಗಲಿಗೆ ಹೋಗಿ, ರಾಹುಕಾಲದಲ್ಲಿ ಕೀ ಒತ್ತಿದವಳು ತಾನೇ ಅಂತ ಸಾಕಮ್ಮನಿಗೆ ಹೇಳಿಬಿಟ್ಟಳು. ಸಾಕಮ್ಮ ಹಾಳೆ ನೋಡಲಿಲ್ಲ, ಹುಡುಗಿಯನ್ನೇ ನೋಡಿದರು.

“ನನ್ ಮಗ ಬೆಕ್ಕು ಅಡ್ಡ ಬಂದ್ರೆ ಡ್ಯೂಟಿಗೇ ಹೋಗಕಿಲ್ಲ ಕಣವ್ವ. ಅವನ್ಗೆ ನೀನೇ ಸರಿ” ಅಂದು, ಬಸ್ಸಿನ ಮಾತು ಬಿಟ್ಟು ನಮ್ಮ ಮನೆಯಲ್ಲೇ ಊಟಕ್ಕೆ ಕೂತರು.